ಗದಗದಲ್ಲಿ ಒತ್ತಿದ ಬಿಲ್ಲು ಹುಬ್ಬಳ್ಳಿಯಲ್ಲಿ ಬಂತು: ರಿಮೋಟ್ ಡೆಸ್ಕ್‌ಟಾಪ್ ಪ್ರಿಂಟರ್ ಗೊಂದಲ, ದಯವಿಟ್ಟು ಸಹಾಯ ಮಾಡಿ

ಹುಬ್ಬಳ್ಳಿ_ಹಾರ್ಡ್‌ವೇರ್ | ಮಂಗಳವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಪೈಪು, ಹಾರ್ಡ್‌ವೇರ್ ಹೋಲ್‌ಸೇಲ್. ಹುಬ್ಬಳ್ಳಿಯಲ್ಲಿ ಮುಖ್ಯ ಅಂಗಡಿ, ಗದಗ ಮತ್ತು ಕೊಪ್ಪಳದಲ್ಲಿ ಶಾಖೆ. ಬಿಲ್ಲಿಂಗ್ ಸಾಫ್ಟ್‌ವೇರ್ ಇರುವುದು ಹುಬ್ಬಳ್ಳಿಯ ಒಂದೇ ಸರ್ವರ್‌ನಲ್ಲಿ. ಹನ್ನೊಂದು ಜನ ರಿಮೋಟ್ ಡೆಸ್ಕ್‌ಟಾಪ್‌ನಿಂದ, ಅಂದರೆ ತಮ್ಮ ಕಂಪ್ಯೂಟರ್‌ನಲ್ಲೇ ಸರ್ವರ್‌ನ ಪರದೆ ತೆರೆದು, ಒಳಗೆ ಬಂದು ಬಿಲ್ ಹಾಕುತ್ತಾರೆ. ಮಾಲೀಕರೂ ತಮ್ಮ ಕ್ಯಾಬಿನ್‌ನಿಂದ ಹಾಗೇ ಬರುತ್ತಾರೆ. ನಾನು ಅಕೌಂಟ್ಸ್ ನೋಡುವವನು, ಐಟಿ ಓದಿದವನಲ್ಲ. ಕಂಪ್ಯೂಟರ್ ಕಂಡರೆ ಹೆದರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಈ ಕೆಲಸವೂ ನನ್ನ ಕೊರಳಿಗೆ ಬಿದ್ದಿದೆ.

ನಿನ್ನೆ ಗದಗದ ಹುಡುಗ ಒಬ್ಬ ಗಿರಾಕಿಗೆ ಬಿಲ್ ಹಾಕಿ ಪ್ರಿಂಟ್ ಕೊಟ್ಟ. ಅಲ್ಲಿ ಏನೂ ಬರಲಿಲ್ಲ. ಮತ್ತೆ ಕೊಟ್ಟ. ಮತ್ತೂ ಒಮ್ಮೆ ಕೊಟ್ಟ. ಗಿರಾಕಿಗೊಂದು, ಲಾರಿಯವನಿಗೊಂದು, ನಮಗೊಂದು ಅಂತ ಪ್ರತಿ ಸಲ ಮೂರು ಪ್ರತಿ. ಒಟ್ಟು ಒಂಬತ್ತು ಹಾಳೆ ಇಲ್ಲಿ ಹುಬ್ಬಳ್ಳಿಯಲ್ಲಿ, ಮಾಲೀಕರ ಕ್ಯಾಬಿನ್‌ನಲ್ಲಿ ಇಳಿದವು. ಆ ಹೊತ್ತಿಗೆ ಎದುರಿಗೆ ಕೂತವರು ಅದೇ ಪೈಪ್ ತಗೊಳ್ಳುವ ಇನ್ನೊಬ್ಬ ಡೀಲರ್. ಟ್ರೇಯಿಂದ ಹಾಳೆ ಎತ್ತಿ ಕೊಟ್ಟವರೂ ಅವರೇ. ಗದಗದವರಿಗೆ ಕೊಟ್ಟ ಡಿಸ್ಕೌಂಟ್ ಓದಿ "ನಮಗ್ಯಾಕ ಈ ರೇಟಿಲ್ಲ?" ಅಂದರಂತೆ. ಆಮೇಲೆ ನನಗೆ ಏನಾಯಿತು ಅಂತ ಹೇಳುವುದು ಬೇಡ.

ಇದಲ್ಲದೆ ಇನ್ನೆರಡು ಕಾಟ. ಪ್ರಿಂಟ್ ಒತ್ತಿದರೆ ಬರುವ ಪ್ರಿಂಟರ್ ಪಟ್ಟಿ ಹನುಮಂತನ ಬಾಲ. ಎಣಿಸಿದೆ, 43 ಹೆಸರು. ಒಂದೇ ಹೆಸರು ಐದಾರು ಸಲ, ಪಕ್ಕದಲ್ಲಿ "ರಿಡೈರೆಕ್ಟೆಡ್ 3", "ರಿಡೈರೆಕ್ಟೆಡ್ 7" ಅಂತ ನಂಬರ್ ಬೇರೆ. ಎರಡನೆಯದು ಕೊಪ್ಪಳ ಗೋಡೌನ್‌ನ ಡಾಟ್ ಮ್ಯಾಟ್ರಿಕ್ಸ್. ಸರಕಿನ ಜೊತೆ ಕಳಿಸುವ ಒಂದು ಚಲನ್ ಹೊಡೆದು ಮುಗಿಸುವಷ್ಟರಲ್ಲಿ ಲಾರಿ ಡ್ರೈವರ್ ಚಹಾ ಕುಡಿದು ವಾಪಸ್ ಬಂದಿರುತ್ತಾನೆ.

ಎಲ್ಲ ಪ್ರಿಂಟರ್ ಬದಲಿಸೋಣ ಅಂತ ಮಾಲೀಕರ ಹಟ. ತಪ್ಪು ಪ್ರಿಂಟರಿನದಲ್ಲ ಅಂತ ನನಗೆ ಅನಿಸುತ್ತಿದೆ, ಆದರೆ ತೋರಿಸಿಕೊಡಲು ಆಗುತ್ತಿಲ್ಲ.

ಸರ್ವರ್_ಸಿದ್ದ | 10:40

ಪ್ರಿಂಟರ್ ಬದಲಿಸಬೇಡಿ, ದುಡ್ಡು ದಂಡ. ಮೊದಲು ಇಷ್ಟು ಹೇಳಿ. ಸರ್ವರ್‌ನಲ್ಲಿ ಯಾವ ವಿಂಡೋಸ್? ಗದಗದ ಪ್ರಿಂಟರ್, ಮಾಲೀಕರ ಪ್ರಿಂಟರ್ ಎರಡೂ ಒಂದೇ ಮಾಡೆಲ್ಲಾ? ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇದೆಯಾ? ಸಾಫ್ಟ್‌ವೇರ್ ಒಳಗೆ ಪ್ರಿಂಟರ್ ಹೆಸರು ಬರೆದಿಟ್ಟಿದ್ದೀರಾ? ಇತ್ತೀಚೆಗೆ ಸರ್ವರ್ ರೀಸ್ಟಾರ್ಟ್ ಆಗಿತ್ತಾ? ಮತ್ತೆ, ಬೇಸರ ಮಾಡಿಕೊಳ್ಳಬೇಡಿ, ಎಲ್ಲರೂ ಅಡ್ಮಿನ್, ಅಂದರೆ ಸರ್ವರ್ ಮೇಲೆ ಪೂರ್ತಿ ಅಧಿಕಾರ ಇರುವವರು, ಆಗಿದ್ದಾರಾ?

ಹುಬ್ಬಳ್ಳಿ_ಹಾರ್ಡ್‌ವೇರ್ | 11:25

ವಿಂಡೋಸ್ ಸರ್ವರ್ 2019. ಲೇಸರ್ ಪ್ರಿಂಟರ್ ಎಲ್ಲ ಕಡೆ ಒಂದೇ ಮಾಡೆಲ್ ರೀ, ಆರು ಒಟ್ಟಿಗೆ ತಂದರೆ ಕಡಿಮೆಗೆ ಬರುತ್ತದೆ ಅಂತ ತಂದಿದ್ದೆವು. ಗದಗದ ಮೂವರಿಗೆ ಒಂದೇ ಲಾಗಿನ್. ಮೊದಲು ಒಬ್ಬ ಬಂದರೆ ಇನ್ನೊಬ್ಬ ಹೊರಗೆ ಬೀಳುತ್ತಿದ್ದ, ಅದಕ್ಕೆ ಆ ನಿರ್ಬಂಧ ತೆಗೆಸಿದೆವು. ಸಾಫ್ಟ್‌ವೇರ್‌ನಲ್ಲಿ "ಇನ್‌ವಾಯ್ಸ್ ಪ್ರಿಂಟರ್" ಅಂತ ಒಂದು ಖಾನೆ ಇದೆ. ಅಲ್ಲಿ ಪ್ರಿಂಟರ್ ಹೆಸರು ಆರಿಸಿ ಇಟ್ಟಿದ್ದೇವೆ, ಹೆಸರಿನ ಕೊನೆಗೆ "ರಿಡೈರೆಕ್ಟೆಡ್ 3" ಇದೆ. ಭಾನುವಾರ ರಾತ್ರಿ ಅಪ್‌ಡೇಟ್ ಬಂದು ಸರ್ವರ್ ರೀಸ್ಟಾರ್ಟ್ ಆಗಿತ್ತು, ಹೌದು.

ಅಡ್ಮಿನ್ ವಿಷಯ ಹೇಗೆ ಗೊತ್ತಾಯಿತು ನಿಮಗೆ? ಎಲ್ಲರೂ ಅಡ್ಮಿನ್ನೇ. 2021ರಲ್ಲಿ ಒಂದು ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಹಾಕಲು ಹೋದಾಗಲೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೇಳಲು ಶುರುವಾಯಿತು. ದಿನಾ ತಲೆನೋವು ಯಾಕೆ ಅಂತ ಆಗ ನಮ್ಮಲ್ಲಿದ್ದ ಹುಡುಗ ಎಲ್ಲರನ್ನೂ ಆ ಗುಂಪಿಗೆ ಹಾಕಿ ಹೋದ.

ಸರ್ವರ್_ಸಿದ್ದ | 12:05

ಸಿಕ್ಕಿತು ನೋಡಿ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬಂದವರ ಜೊತೆ ಅವರ ಪ್ರಿಂಟರ್‌ಗಳೂ ಬರುತ್ತವೆ, ಮದುವೆಗೆ ಬಂದವರ ಜೊತೆ ಮಕ್ಕಳು ಬಂದ ಹಾಗೆ. ಸರ್ವರ್ ಆ ಪ್ರಿಂಟರ್‌ಗೆ ಹೊಸ ಹೆಸರು ಇಡುತ್ತದೆ: ಮೂಲ ಹೆಸರು, ಜೊತೆಗೆ ರಿಡೈರೆಕ್ಟೆಡ್, ಜೊತೆಗೆ ಒಂದು ಅಂಕಿ. ಆ ಅಂಕಿ ಪ್ರಿಂಟರ್‌ನದ್ದಲ್ಲ, ಸೆಷನ್‌ನದ್ದು, ಅಂದರೆ ನೀವು ಸರ್ವರ್ ಒಳಗೆ ಬಂದಾಗ ನಿಮಗಾಗಿ ತೆರೆಯುವ ಜಾಗದ್ದು. ಇವತ್ತು ನೀವು ಮೂರನೇ ಸೆಷನ್, ನಾಳೆ ಏಳನೆಯದು. ಕಮಾಂಡ್ ಪ್ರಾಂಪ್ಟ್‌ನಲ್ಲಿ "ಕ್ವೆರಿ ಸೆಷನ್" ಕೊಟ್ಟು ನೋಡಿ, ಯಾರ ಅಂಕಿ ಎಷ್ಟು ಅಂತ ಕಾಣುತ್ತದೆ.

ನಿಮ್ಮ ಗದಗದವರು ಸಂಜೆ ಲಾಗ್ ಆಫ್ ಮಾಡದೆ ಸುಮ್ನೆ ಮೇಲಿನ ಗುಣಿಸು ಗುರುತು ಒತ್ತಿ ಹೋಗುತ್ತಾರೆ, ಅಲ್ವಾ? ಹಾಗೆ ಮಾಡಿದರೆ ಸೆಷನ್ ಸಾಯುವುದಿಲ್ಲ. ಬೆಳಿಗ್ಗೆ ಬಂದರೆ ಅದೇ ಮೂರು. ವಾರಗಟ್ಟಲೆ ಅದೇ ಮೂರು. ಅದನ್ನೇ ನಂಬಿ ನೀವು ಸಾಫ್ಟ್‌ವೇರ್‌ನಲ್ಲಿ ಆ ಹೆಸರು ಬರೆದಿಟ್ಟಿರಿ. ಭಾನುವಾರ ರೀಸ್ಟಾರ್ಟ್ ಆಯಿತು, ಎಲ್ಲ ಸೆಷನ್ ಹೋದವು. ಸೋಮವಾರ ಬೆಳಿಗ್ಗೆ ಮಾಲೀಕರು ಬೇಗ ಬಂದರು, ಮೂರು ಅವರಿಗೆ ಸಿಕ್ಕಿತು. ಅವರದೂ ಅದೇ ಮಾಡೆಲ್. ಅಲ್ಲಿಗೆ "ಅದೇ ಮಾಡೆಲ್, ರಿಡೈರೆಕ್ಟೆಡ್ 3" ಅಂದರೆ ಈಗ ಮಾಲೀಕರ ಕ್ಯಾಬಿನ್.

ಆದರೆ ಇಷ್ಟೇ ಆಗಿದ್ದರೂ ಬಿಲ್ಲು ಅಲ್ಲಿಗೆ ಹೋಗುತ್ತಿರಲಿಲ್ಲ. ಸಾಮಾನ್ಯ ಬಳಕೆದಾರರಿಗೆ ತಮ್ಮ ಸೆಷನ್‌ನ ಪ್ರಿಂಟರ್ ಬಿಟ್ಟು ಬೇರೆಯವರದ್ದು ಕಾಣುವುದೇ ಇಲ್ಲ. ಅಡ್ಮಿನ್‌ಗೆ ಮಾತ್ರ ಎಲ್ಲರದ್ದೂ ಕಾಣುತ್ತದೆ. ನಿಮ್ಮ 43 ಹೆಸರಿನ ಗುಟ್ಟು ಅದೇ: ಹನ್ನೊಂದು ಜನರ ಲೇಸರ್, ಪಿಡಿಎಫ್, ಒನ್‌ನೋಟ್, ಎಲ್ಲ ಎಲ್ಲರ ಎದುರಿಗೆ. ಅಡ್ಮಿನ್ ಗುಂಪಿನಿಂದ ತೆಗೆದು "ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್" ಗುಂಪಿಗೆ ಹಾಕಿ. ಅರ್ಧ ಕಾಯಿಲೆ ಅಲ್ಲೇ ವಾಸಿ.

ಬೆಂಗಳೂರು_ನೆಟ್‌ವರ್ಕ್ | 12:30

ಸಿದ್ದಣ್ಣ ಹೇಳಿದ್ದು ಸರಿ. ನನ್ನದು ಒಂದೇ ಪ್ರಶ್ನೆ. ಶಾಖೆಯವರು ಬರುವುದು ವಿಪಿಎನ್ (ಇಂಟರ್ನೆಟ್ ಒಳಗೇ ನಿಮ್ಮವರಿಗೆ ಮಾತ್ರ ಇರುವ ಖಾಸಗಿ ದಾರಿ) ಮೂಲಕವಾ, ಅಥವಾ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389 ಪೋರ್ಟ್ ನೇರವಾಗಿ ಇಂಟರ್ನೆಟ್‌ಗೆ ತೆರೆದಿದೆಯಾ?

ಹುಬ್ಬಳ್ಳಿ_ಹಾರ್ಡ್‌ವೇರ್ | 12:48

ತೆರೆದಿದೆ ರೀ.

ಬೆಂಗಳೂರು_ನೆಟ್‌ವರ್ಕ್ | 12:52

ಹನ್ನೊಂದು ಅಡ್ಮಿನ್, 3389 ತೆರೆದ ಬಾಗಿಲು. ಸ್ವಾಮಿ, ನಿಮ್ಮ ಡಿಸ್ಕೌಂಟ್ ಒಬ್ಬ ಡೀಲರ್‌ಗೆ ಗೊತ್ತಾಗಿದ್ದು ದೊಡ್ಡ ವಿಷಯವೇ ಅಲ್ಲ. ಆ ಪೋರ್ಟ್ ತೆರೆದಿದೆಯಾ ಅಂತ ಹಗಲು ರಾತ್ರಿ ಹುಡುಕುವ ಜನ ಇದ್ದಾರೆ. ಒಬ್ಬನ ಪಾಸ್‌ವರ್ಡ್ ಅಂಗಡಿ ಹೆಸರು, 123 ಅಂತಿದ್ದರೆ ಸಾಕು, ಇಡೀ ಡೇಟಾಗೆ ಬೀಗ ಹಾಕಿ ದುಡ್ಡು ಕೇಳುತ್ತಾರೆ. ಇವತ್ತೇ ವಿಪಿಎನ್ ಹಾಕಿಸಿ.

ಹಾಕಿಸಿದರೆ ಪ್ರಿಂಟರ್‌ಗೂ ಲಾಭ. ಶಾಖೆಯ ಪ್ರಿಂಟರ್‌ಗೆ ಖಾಯಂ ಐಪಿ (ನೆಟ್‌ವರ್ಕ್ ವಿಳಾಸ) ಕೊಡಿ, ಸರ್ವರ್‌ನಲ್ಲಿ ಅದನ್ನು ಟಿಸಿಪಿ/ಐಪಿ ಪೋರ್ಟ್ ಮಾಡಿ ನೇರವಾಗಿ ಸೇರಿಸಿ, ಹೆಸರು "ಗದಗ-ಬಿಲ್" ಅಂತ ಇಡಿ. ಬಾಲಕ್ಕೆ ಅಂಕಿಯೂ ಇಲ್ಲ, ಬದಲಾಗುವುದೂ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಬರೆದರೆ ಮುಗಿಯಿತು. ನಾನಾಗಿದ್ದರೆ ಬಂದವರ ಜೊತೆ ಪ್ರಿಂಟರ್ ಬರುವ ಈ ರಿಡೈರೆಕ್ಷನ್ನೇ ಬಂದ್ ಮಾಡುತ್ತಿದ್ದೆ.

ಸರ್ವರ್_ಸಿದ್ದ | 13:20

ವಿಪಿಎನ್‌ಗೆ ನನ್ನ ಎರಡೂ ಕೈ ಎತ್ತಿದೆ. ಪ್ರಿಂಟರ್ ವಿಚಾರದಲ್ಲಿ ಮಾತ್ರ ನನ್ನ ದಾರಿ ಬೇರೆ.

ನೇರ ಐಪಿ ದಾರಿ ಆಫೀಸಿನಲ್ಲೇ ಕೂತ ಪ್ರಿಂಟರ್‌ಗೆ ಚೆನ್ನ, ಅದೂ ನೆಟ್‌ವರ್ಕ್ ಪೋರ್ಟ್ ಇದ್ದರೆ. ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್‌ಗೆ ಏನು ಮಾಡುತ್ತೀರಿ? ಮನೆಯಿಂದ ಲ್ಯಾಪ್‌ಟಾಪ್‌ನಲ್ಲಿ ಬರುವವರಿಗೆ? ಗದಗದ ಕರೆಂಟ್ ಹೋದರೆ ಆ ಜಾಬ್‌ಗಳೆಲ್ಲ ಸರ್ವರ್ ಸ್ಪೂಲರ್‌ನಲ್ಲಿ (ಪ್ರಿಂಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವ ವ್ಯವಸ್ಥೆ) ಸಿಕ್ಕಿಕೊಂಡು ಕೂರುತ್ತವೆ. ಯಾರೋ ಒಬ್ಬರು ಸ್ಪೂಲರ್ ರೀಸ್ಟಾರ್ಟ್ ಮಾಡುತ್ತಾರೆ, ಹುಬ್ಬಳ್ಳಿಯವರ ಪ್ರಿಂಟೂ ಹೋಗುತ್ತದೆ. ಹಂಚಿಕೊಂಡ ಸರ್ವರ್‌ನಲ್ಲಿ ಸ್ಪೂಲರ್ ಒಂದೇ ಅನ್ನುವುದನ್ನು ಜನ ಮರೆತುಬಿಡುತ್ತಾರೆ.

ನನ್ನ ಅನುಭವದಲ್ಲಿ ಇಂಥ ಜಗಳ ಶುರುವಾಗುವುದು ಪ್ರಿಂಟರ್ ಹೆಸರನ್ನು ಸಾಫ್ಟ್‌ವೇರ್ ಒಳಗೆ ಬರೆದಿಟ್ಟಾಗ. ಪ್ರಿಂಟರ್ ಇರುವುದು ಮನುಷ್ಯನ ಪಕ್ಕದಲ್ಲಿ, ಸಾಫ್ಟ್‌ವೇರ್ ಇರುವುದು ಎಲ್ಲೋ. ಆದ್ದರಿಂದ ಆ ಖಾನೆಯಲ್ಲಿ "ವಿಂಡೋಸ್ ಡೀಫಾಲ್ಟ್" (ಬೇರೆ ಆರಿಸದಿದ್ದರೆ ತಾನಾಗಿ ಬಳಕೆಯಾಗುವ ಪ್ರಿಂಟರ್) ಅಂತ ಇಟ್ಟುಬಿಡಿ. ಯಾರು ಬಂದರೋ ಅವರ ಡೀಫಾಲ್ಟ್ ಅವರ ಜೊತೆ ಬರುತ್ತದೆ.

ಸರ್ವರ್‌ನಲ್ಲಿ ಗ್ರೂಪ್ ಪಾಲಿಸಿ (ಎಲ್ಲರಿಗೂ ಅನ್ವಯಿಸುವ ವಿಂಡೋಸ್ ನಿಯಮಗಳ ಪಟ್ಟಿ) ತೆರೆದರೆ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್ ಕೆಳಗೆ "ಪ್ರಿಂಟರ್ ರಿಡೈರೆಕ್ಷನ್" ಅಂತ ಒಂದು ಫೋಲ್ಡರ್ ಇದೆ. ಅಲ್ಲಿ "ಕ್ಲೈಂಟ್‌ನ ಡೀಫಾಲ್ಟ್ ಪ್ರಿಂಟರ್ ಮಾತ್ರ ರಿಡೈರೆಕ್ಟ್ ಮಾಡು" ಅನ್ನುವ ಅರ್ಥದ ಒಂದು ಸೆಟ್ಟಿಂಗ್ ಇದೆ. ಒಬ್ಬರಿಗೆ ಒಂದೇ ಪ್ರಿಂಟರ್ ಸಾಕಾದರೆ ಅದನ್ನು ಆನ್ ಮಾಡಿ, ಪಟ್ಟಿ ಇನ್ನೂ ಚಿಕ್ಕದಾಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು, ಕ್ಲೈಂಟ್ ಡೀಫಾಲ್ಟನ್ನು ಸೆಷನ್‌ನ ಡೀಫಾಲ್ಟ್ ಮಾಡಬೇಡ ಅನ್ನುವಂಥದ್ದು. ಅದು ಆನ್ ಆಗಿದ್ದರೆ ಆಫ್ ಮಾಡಿ.

ಮತ್ತೆ ಮೂವರಿಗೆ ಒಂದೇ ಲಾಗಿನ್ ಬೇಡ. ಡೀಫಾಲ್ಟ್ ಪ್ರಿಂಟರ್ ಯಾವುದು ಅನ್ನುವ ನೆನಪು ಲಾಗಿನ್ ಖಾತೆಗೆ ಅಂಟಿಕೊಂಡಿರುತ್ತದೆ. ಮೂವರು ಒಂದೇ ಟವೆಲ್‌ನಲ್ಲಿ ಮುಖ ಒರೆಸಿದ ಹಾಗೆ ಅದು.

ಶಿರಸಿ_ಲೆಕ್ಕ | 15:10

ಐಟಿಯವರ ಮಧ್ಯೆ ಒಬ್ಬ ಬಳಕೆದಾರಳು ಬಾಯಿ ಹಾಕಬಹುದಾ? ನಾನು ಅಡಿಕೆ ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ನನಗೂ ಹೀಗೇ ಆಗುತ್ತಿತ್ತು, ನಾನು ಪ್ರಿಂಟ್ ಕೊಡುವುದನ್ನೇ ಬಿಟ್ಟೆ. ಸರ್ವರ್‌ನಲ್ಲಿ ಪಿಡಿಎಫ್ ಮಾಡುತ್ತೇನೆ, ನನ್ನ ಕಂಪ್ಯೂಟರ್‌ಗೆ ತಂದುಕೊಂಡು ಇಲ್ಲಿಂದ ಪ್ರಿಂಟ್ ತೆಗೆಯುತ್ತೇನೆ. ಒಂದು ಹೆಜ್ಜೆ ಜಾಸ್ತಿ, ಆದರೆ ಯಾರ ಕ್ಯಾಬಿನ್‌ಗೂ ಹೋಗುವುದಿಲ್ಲ.

ನನ್ನದು ಎರಡು ಸಂಶಯ. ಒಂದು, ರೈತರ ಹೆಸರು ನಾವು ಕನ್ನಡದಲ್ಲಿ ಹಾಕುತ್ತೇವೆ. ಕಚೇರಿಯ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಡ್ರಾಫ್ಟ್ ಮೋಡ್ ಇಟ್ಟರೆ ಕನ್ನಡವೇ ಮಾಯ. ಇನ್ನೊಂದು, ಜಿಎಸ್‌ಟಿ ಇ-ಇನ್‌ವಾಯ್ಸ್‌ನ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸಬೇಕಾದ ಬಿಲ್) ಕ್ಯೂಆರ್ ಕೋಡ್ ಅದರಲ್ಲಿ ಕಪ್ಪು ಮಸಿ ಮುದ್ದೆ ಆಗಿ ಬರುತ್ತದೆ. 2023ರ ಆಗಸ್ಟ್ 1ರಿಂದ ಐದು ಕೋಟಿ ವಹಿವಾಟು ದಾಟಿದವರೆಲ್ಲ ಇ-ಇನ್‌ವಾಯ್ಸ್ ನಿಯಮದೊಳಗೆ ಬಂದರಲ್ಲ, ನಾವೂ ಬಂದೆವು.

ಹಳೇ_ಡಾಸ್ | 16:35

ನನ್ನ ಹೆಸರು ಬಂತು ಅಂದುಕೊಂಡೆ. ಡಾಟ್ ಮ್ಯಾಟ್ರಿಕ್ಸ್ ಅಂದರೆ ನನಗೆ ಮೈಯೆಲ್ಲ ಕಿವಿ. ಮೈಸೂರಿನಲ್ಲಿ ಅಕ್ಕಿ ಮಂಡಿಗಳಿಗೆ ಬಿಲ್ಲಿಂಗ್ ಹಾಕಿಕೊಡುತ್ತಾ ಕೂದಲು ಹಣ್ಣಾಯಿತು.

ಮೊದಲು ಮೇಡಂಗೆ. ಡ್ರಾಫ್ಟ್ ಮೋಡ್‌ನಲ್ಲಿ ಕಂಪ್ಯೂಟರ್ ಕಳಿಸುವುದು ಬರೀ ಅಕ್ಷರದ ಸಂಕೇತ. ಅಕ್ಷರದ ಆಕಾರ ಪ್ರಿಂಟರ್ ಹೊಟ್ಟೆಯಲ್ಲೇ ಇರುತ್ತದೆ. ಆ ಹೊಟ್ಟೆಯಲ್ಲಿ ಇಂಗ್ಲಿಷ್ ಇದೆ, ಕನ್ನಡ ಇಲ್ಲ. ಕನ್ನಡ ಬೇಕಾದರೆ ಚಿತ್ರವಾಗಿ ಕಳಿಸಬೇಕು, ಅಂದರೆ ಗ್ರಾಫಿಕ್ಸ್ ಮೋಡ್. ನಿಧಾನ, ಆದರೆ ಬರುತ್ತದೆ. ಫಾಂಟ್ ಸರ್ವರ್‌ನಲ್ಲಿ ಇರಬೇಕು, ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಇದ್ದರೆ ಸಾಲದು. ನುಡಿ ಫಾಂಟ್ ಬಳಸಿದ ಹಳೇ ಡೇಟಾ ಇದ್ದರೆ ಆ ಫಾಂಟನ್ನೂ ಸರ್ವರ್‌ಗೇ ಹಾಕಿಸಿ. ಕ್ಯೂಆರ್‌ಗೆ ಲೇಸರ್ ಬಳಸಿ. ಒಂಬತ್ತು ಪಿನ್ನಿನ ತಲೆ, ಸವೆದ ರಿಬ್ಬನ್, ಅದರಲ್ಲಿ ಅಷ್ಟು ಸಣ್ಣ ಚೌಕ ಹೊಡೆದು ಫೋನ್ ಓದಲಿ ಅಂದರೆ ಓದೀತೇ?

ಈಗ ಹುಬ್ಬಳ್ಳಿ ತಮ್ಮನಿಗೆ. ನಿನ್ನ ಕೊಪ್ಪಳದ ಪ್ರಿಂಟರ್ ನಿಧಾನ ಯಾಕೆ ಗೊತ್ತಾ? ವಿಂಡೋಸ್ ಸರ್ವರ್ 2008ರಿಂದ "ಈಸಿ ಪ್ರಿಂಟ್" ಅಂತ ಒಂದು ವ್ಯವಸ್ಥೆ ಬಂತು. ಸರ್ವರ್‌ನಲ್ಲಿ ಯಾವ ಪ್ರಿಂಟರ್‌ನ ಡ್ರೈವರೂ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬೇಡ. ಪುಟವನ್ನು ಪಿಡಿಎಫ್‌ನಂಥ ಎಕ್ಸ್‌ಪಿಎಸ್ ಕಡತ ಮಾಡಿ ನಿನ್ನ ಕಂಪ್ಯೂಟರ್‌ಗೆ ಕಳಿಸುತ್ತದೆ, ಮುಂದಿನದು ನಿನ್ನ ಕಂಪ್ಯೂಟರ್‌ನ ಡ್ರೈವರ್ ಪಾಡು. ಲೇಸರ್‌ಗೆ ಬಂಗಾರ. ನಿಮ್ಮವರನ್ನು ಅಡ್ಮಿನ್ ಮಾಡುವ ಅಗತ್ಯವೂ ಇರಲಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಆದರೆ ಡಾಟ್ ಮ್ಯಾಟ್ರಿಕ್ಸ್‌ಗೆ ಅದು ಇಡೀ ಚಲನ್ ಅನ್ನು ಒಂದು ಚಿತ್ರ ಮಾಡಿಬಿಡುತ್ತದೆ. ಪಾಪ ಆ ಪ್ರಿಂಟರ್ ರಂಗೋಲಿ ಬಿಡಿಸಿದ ಹಾಗೆ ಚುಕ್ಕಿ ಚುಕ್ಕಿ ಇಡುತ್ತಾ ಕೂರುತ್ತದೆ. ಶಬ್ದ ಕೇಳಿದರೇ ಗೊತ್ತಾಗುತ್ತದೆ. ಅಕ್ಷರ ಹೊಡೆಯುವಾಗ ಸರ್ರ್ ಅಂತ ಒಂದೇ ಏಟಿಗೆ ಸಾಲು ಮುಗಿಯುತ್ತದೆ. ಚಿತ್ರ ಹೊಡೆಯುವಾಗ ಒಂದೇ ಸಾಲಿನ ಮೇಲೆ ತಲೆ ಹೋಗಿ ಬಂದು, ಹೋಗಿ ಬಂದು ಕೊರೆಯುತ್ತದೆ.

ಮದ್ದು ಇದು. ಕೊಪ್ಪಳದ ಡಾಟ್ ಮ್ಯಾಟ್ರಿಕ್ಸ್‌ನ ಡ್ರೈವರ್ ಅನ್ನು ಸರ್ವರ್‌ನಲ್ಲೂ ಹಾಕು. ಕೊಪ್ಪಳದ ಕಂಪ್ಯೂಟರ್‌ನಲ್ಲಿ ಡ್ರೈವರ್ ಹೆಸರು ಹೇಗಿದೆಯೋ ಅಕ್ಷರಶಃ ಹಾಗೇ ಇರಬೇಕು. ಆಮೇಲೆ ಸಿದ್ದ ಹೇಳಿದ ಅದೇ ಪಾಲಿಸಿ ಫೋಲ್ಡರ್‌ನಲ್ಲಿ "ಈಸಿ ಪ್ರಿಂಟ್ ಮೊದಲು ಬಳಸು" ಅನ್ನುವುದನ್ನು ಡಿಸೇಬಲ್ ಮಾಡು. ಆಗ ಸರ್ವರ್ ಮೊದಲು ಹೊಂದುವ ಡ್ರೈವರ್ ಹುಡುಕುತ್ತದೆ. ಸಿಗದಿದ್ದರೆ ಮಾತ್ರ ಈಸಿ ಪ್ರಿಂಟ್‌ಗೆ ಹೋಗುತ್ತದೆ. ಲೇಸರ್ ಡ್ರೈವರ್‌ಗಳನ್ನು ಸರ್ವರ್‌ನಲ್ಲಿ ಹಾಕಬೇಡ, ಅವು ಈಸಿ ಪ್ರಿಂಟ್‌ನಲ್ಲೇ ಇರಲಿ. ಡಾಟ್ ಮ್ಯಾಟ್ರಿಕ್ಸ್ ಮಾತ್ರ ತನ್ನ ಡ್ರೈವರ್‌ನಲ್ಲಿ ಹೋಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಚಲನ್‌ಗೆ ಡ್ರಾಫ್ಟ್ ಅಥವಾ ಟೆಕ್ಸ್ಟ್ ಮೋಡ್ ಇದ್ದರೆ ಅದನ್ನೇ ಇಡು.

ಇನ್ನು ಕಾಗದ. ಯಾವ ಅಳತೆ?

ಹುಬ್ಬಳ್ಳಿ_ಹಾರ್ಡ್‌ವೇರ್ | 17:02

ಹತ್ತು ಇಂಚು ಅಗಲ ಹನ್ನೆರಡು ಇಂಚು ಉದ್ದ, ಎರಡೂ ಕಡೆ ತೂತಿರುವ ಉದ್ದನೆಯ ಕಾಗದ ಸರ್. ಅದರದ್ದೂ ಒಂದು ಕಥೆ ಇದೆ. ಮೊದಲ ಚಲನ್ ಸರಿ ಬರುತ್ತದೆ. ಆಮೇಲೆ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಮೇಲೆ ಏರುತ್ತಾ ಹೋಗುತ್ತದೆ. ಹತ್ತನೇ ಚಲನ್‌ನ ಅಂಗಡಿ ಹೆಸರು ಒಂಬತ್ತನೆಯದರ ಬುಡದಲ್ಲಿ ಇರುತ್ತದೆ. ಗೋಡೌನ್ ಹುಡುಗ ಐದಕ್ಕೊಮ್ಮೆ ಗುಂಡಿ ತಿರುಗಿಸಿ ಕಾಗದ ಸರಿಮಾಡುತ್ತಾನೆ.

ಹಳೇ_ಡಾಸ್ | 17:20

ಎ4 ಅಂತ ಇಟ್ಟಿದ್ದೀಯ. ಪಣ ಕಟ್ಟುತ್ತೇನೆ. ಎ4 ಉದ್ದ 11.69 ಇಂಚು, ನಿನ್ನ ಕಾಗದ 12. ಪ್ರತಿ ಚಲನ್‌ಗೂ 0.31 ಇಂಚು ಮೋಸ. ಹತ್ತನೆಯದರ ಹೊತ್ತಿಗೆ ಸುಮಾರು ಮೂರು ಇಂಚು.

ಸರ್ವರ್‌ನಲ್ಲಿ ಪ್ರಿಂಟರ್‌ಗಳ ಪಟ್ಟಿಯಿಂದ "ಪ್ರಿಂಟ್ ಸರ್ವರ್ ಪ್ರಾಪರ್ಟೀಸ್" ತೆಗೆ. "ಫಾರ್ಮ್ಸ್" ಟ್ಯಾಬ್‌ನಲ್ಲಿ ಹೊಸ ಫಾರ್ಮ್ ಮಾಡು: ಅಗಲ 10, ಉದ್ದ 12, ಹೆಸರು "ಚಲನ್". ಕೊಪ್ಪಳದ ಕಂಪ್ಯೂಟರ್‌ನಲ್ಲೂ ಅದೇ ಹೆಸರಿನಲ್ಲಿ ಅದೇ ಅಳತೆ ಮಾಡು. ಪ್ರಿಂಟರ್‌ನ ಪ್ರಿಫರೆನ್ಸ್‌ನಲ್ಲಿ ಅದನ್ನೇ ಆರಿಸು. ಆಮೇಲೂ ಏರಿದರೆ ಪ್ರಿಂಟರ್‌ನ ಒಳಗಿನ ಪುಟದ ಉದ್ದ 11 ಇಂಚಿಗೆ ಇದೆಯಾ ನೋಡು, ಅದನ್ನು 12 ಮಾಡು.

ಹುಬ್ಬಳ್ಳಿ_ಹಾರ್ಡ್‌ವೇರ್ | ಗುರುವಾರ, ರಾತ್ರಿ 8:45

ವರದಿ ಒಪ್ಪಿಸುತ್ತೇನೆ.

ಬುಧವಾರ ಅಂಗಡಿ ಮುಚ್ಚಿದ ಮೇಲೆ ಎಲ್ಲರನ್ನೂ ಅಡ್ಮಿನ್ ಗುಂಪಿನಿಂದ ತೆಗೆದೆ. ತಕ್ಷಣ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಎದೆ ಧಸಕ್ಕೆಂದಿತು. ಸಿದ್ದ ಸರ್‌ಗೆ ಮೆಸೇಜ್ ಮಾಡಿದೆ. ಡೇಟಾ ಫೋಲ್ಡರ್‌ಗೆ ಬರೆಯುವ ಅನುಮತಿ ಕೊಡು, ಅದೊಂದಕ್ಕೆ ಅಡ್ಮಿನ್ ಬೇಕಿಲ್ಲ ಅಂದರು. ಕೊಟ್ಟೆ, ತೆರೆಯಿತು. ಪ್ರಿಂಟರ್ ಪಟ್ಟಿ ನೋಡಿದರೆ 43 ಇದ್ದದ್ದು 4. ಸುಳ್ಳಲ್ಲ, ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ.

ಗದಗದ ಮೂವರಿಗೆ ಬೇರೆ ಬೇರೆ ಲಾಗಿನ್. ಸಾಫ್ಟ್‌ವೇರ್‌ನಲ್ಲಿ ಪ್ರಿಂಟರ್ ಹೆಸರು ಅಳಿಸಿ ಡೀಫಾಲ್ಟ್ ಇಟ್ಟೆ. ಇವತ್ತು ಬೆಳಿಗ್ಗೆ ಗದಗದ ಬಿಲ್ಲು ಗದಗದಲ್ಲೇ ಬಂತು. ಆದರೆ ಮಧ್ಯಾಹ್ನ ಒಬ್ಬನದ್ದು ಮಾತ್ರ "ಎಲ್ಲಿ ಸೇವ್ ಮಾಡಲಿ" ಅಂತ ಕೇಳಲು ಶುರು ಮಾಡಿತು. ಬಿಲ್ ಬದಲು ಪಿಡಿಎಫ್!

ಸರ್ವರ್_ಸಿದ್ದ | 9:02

ಅವನ ಕಂಪ್ಯೂಟರ್ ವಿಂಡೋಸ್ 10 ಅಥವಾ 11. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಭಾಗದಲ್ಲಿ "ಡೀಫಾಲ್ಟ್ ಪ್ರಿಂಟರ್ ಅನ್ನು ವಿಂಡೋಸ್ ನೋಡಿಕೊಳ್ಳಲಿ" ಅಂತ ಒಂದು ಟಿಕ್ ಇದೆ. ಅದು ಇದ್ದರೆ ಕೊನೆಗೆ ಯಾವುದಕ್ಕೆ ಪ್ರಿಂಟ್ ಕೊಟ್ಟೆವೋ ಅದೇ ಡೀಫಾಲ್ಟ್. ಆ ಹುಡುಗ ಊಟದ ಹೊತ್ತಿನಲ್ಲಿ ಏನೋ ಪಿಡಿಎಫ್ ಮಾಡಿಕೊಂಡಿದ್ದಾನೆ. ಟಿಕ್ ತೆಗೆದು ಲೇಸರ್ ಅನ್ನು ಡೀಫಾಲ್ಟ್ ಮಾಡಿ. ಎಲ್ಲರ ಕಂಪ್ಯೂಟರ್‌ನಲ್ಲೂ ಇದನ್ನು ನೋಡಿಬಿಡಿ.

ಶಿರಸಿ_ಲೆಕ್ಕ | 9:15

ಏನೋ ಪಿಡಿಎಫ್ ಅಂದರೆ ರೈಲ್ವೆ ಟಿಕೆಟ್ಟೇ ಇರಬೇಕು. ನಾನೂ ಮಾಡುತ್ತೇನೆ.

ಹುಬ್ಬಳ್ಳಿ_ಹಾರ್ಡ್‌ವೇರ್ | ಶುಕ್ರವಾರ, ಸಂಜೆ 6:30

ರೈಲ್ವೆ ಟಿಕೆಟ್ಟೇ ಮೇಡಂ! ಟಿಕ್ ಎಲ್ಲ ತೆಗೆಸಿದೆ.

ಕೊಪ್ಪಳದ್ದು ಸರಿಹೋಯಿತು. ಅಲ್ಲಿ ಬಿಲ್ ಹೊಡೆಯುವುದು ಕೌಂಟರ್, ಚಲನ್ ಹೊಡೆಯುವುದು ಗೋಡೌನ್, ಕಂಪ್ಯೂಟರೂ ಬೇರೆ, ಲಾಗಿನ್ನೂ ಬೇರೆ. ಅದಕ್ಕೆ ಗೋಡೌನ್‌ನ ಡೀಫಾಲ್ಟೇ ಡಾಟ್ ಮ್ಯಾಟ್ರಿಕ್ಸ್. ಗದಗದಲ್ಲಿ ಮಾತ್ರ ಒಂದೇ ಕಂಪ್ಯೂಟರ್‌ನಿಂದ ಎರಡೂ. ಅಲ್ಲಿ ಬಿಲ್ ತಾನಾಗಿ ಲೇಸರ್‌ಗೆ ಹೋಗುತ್ತದೆ. ಚಲನ್‌ಗೆ ಹುಡುಗ ಪ್ರತಿ ಸಲ ಕೈಯಾರೆ ಆರಿಸಬೇಕು. ಎರಡೂ ಪ್ರಿಂಟರ್ ಕಾಣಲಿ ಅಂತ ಡೀಫಾಲ್ಟ್ ಮಾತ್ರ ಅನ್ನುವ ಪಾಲಿಸಿ ಹಾಕಿಲ್ಲ. ಇದಕ್ಕೇನಾದರೂ ದಾರಿ ಇದೆಯಾ?

ಸರ್ವರ್_ಸಿದ್ದ | 6:50

ಲಾಗಿನ್ ಆಗುವಾಗ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಬಹುದು. ಗದಗದ ಕಂಪ್ಯೂಟರ್‌ನಲ್ಲಿ ಡಾಟ್ ಮ್ಯಾಟ್ರಿಕ್ಸ್‌ಗೆ "ಗದಗ-ಚಲನ್" ಅಂತ ಹೆಸರಿಡಿ. ಹಾಗೆ ಶುರುವಾಗುವ ಪ್ರಿಂಟರ್ ಇವತ್ತು ಯಾವ ಅಂಕಿ ಹೊತ್ತು ಬಂದಿದೆ ಅಂತ ಸ್ಕ್ರಿಪ್ಟ್ ನೋಡಿ, ಆ ಪೂರ್ತಿ ಹೆಸರನ್ನು ಸಾಫ್ಟ್‌ವೇರ್‌ನ ಸೆಟ್ಟಿಂಗ್ ಕಡತದಲ್ಲಿ ಬರೆಯುತ್ತದೆ. ಆ ಕಡತ ಪ್ರತಿ ಬಳಕೆದಾರರಿಗೂ ಬೇರೆ ಇದ್ದರೆ ಮಾತ್ರ ಇದು ನಡೆಯುತ್ತದೆ. ಎಲ್ಲರಿಗೂ ಒಂದೇ ಕಡತ ಆದರೆ ಮುಟ್ಟಬೇಡಿ, ಮತ್ತೆ ಸೋಮವಾರದ ಕಥೆಯೇ. ಕಡತ ಎಲ್ಲಿದೆ ಅಂತ ನೋಡಿ ಹೇಳಿ, ಬರೆದುಕೊಡುತ್ತೇನೆ.

ಬೆಂಗಳೂರು_ನೆಟ್‌ವರ್ಕ್ | 7:05

3389?

ಹುಬ್ಬಳ್ಳಿ_ಹಾರ್ಡ್‌ವೇರ್ | 7:20

ಮುಚ್ಚಿದೆ ರೀ. ವಿಪಿಎನ್ ಬುಧವಾರವೇ ಹಾಕಿಸಿದೆ. ಗದಗದವರು ಎರಡೆರಡು ಸಲ ಪಾಸ್‌ವರ್ಡ್ ಯಾಕೆ ಅಂತ ಬೈಯುತ್ತಿದ್ದಾರೆ, ಬೈಯಲಿ.

ಡಾಸ್ ಸರ್, ಪಣ ನೀವೇ ಗೆದ್ದಿರಿ, ಎ4 ಇತ್ತು. ಫಾರ್ಮ್ ಮಾಡಿ, ಡ್ರೈವರ್ ಹಾಕಿ, ಇವತ್ತು ಕೊಪ್ಪಳದಲ್ಲಿ ಒಂದೇ ಸಮನೆ ಮೂವತ್ತು ಚಲನ್ ಹೊಡೆಸಿದೆ. ಫೋನ್ ಸ್ಪೀಕರ್‌ನಲ್ಲಿ ಇಟ್ಟು ಇಲ್ಲಿಂದ ಕೇಳಿದೆ. ನೀವು ಹೇಳಿದ ಹಾಗೆ ಸರ್ರ್ ಸರ್ರ್ ಅಂತಲೇ ಬಂತು. ಮೂವತ್ತನೆಯದೂ ಹರಿಯುವ ಗೆರೆಗೆ ಸರಿಯಾಗಿ ಕೂತಿದೆ ಅಂತ ಹುಡುಗ ಫೋಟೋ ಕಳಿಸಿದ್ದಾನೆ. ಲಾರಿ ಡ್ರೈವರ್‌ಗೆ ಮಾತ್ರ ಚಹಾ ತಪ್ಪಿತು.